ಹೆಸರಿನ ಕಾಲಂ ಖಾಲಿ ಬಿಟ್ಟಿದ್ದೇಕೆ: ವಿಶ್ವವಿದ್ಯಾಲಯದ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ, ವಿಭಾಗಗಳ ಮುಖ್ಯಸ್ಥರಿಗೆ ಮತ್ತು ಅಧ್ಯಾಪಕ ವರ್ಗಕ್ಕೆ,

ಗೌರವಪೂರ್ವಕ ವಂದನೆಗಳು.

ಕಳೆದ ತಿಂಗಳ ಕೊನೆಯಲ್ಲಿ ನಮ್ಮ ಆಪ್ತಸಮಾಲೋಚನಾ ಕೇಂದ್ರಕ್ಕೆ ಒಂದು ನಮೂನೆ ಬಂದಿತು. ಕೇಂದ್ರಕ್ಕೆ ಬಂದುಹೋಗುವ ವಿದ್ಯಾರ್ಥಿಗಳ ವಿವರವನ್ನು ಪ್ರತಿ ತಿಂಗಳೂ ಅದರಲ್ಲಿ ತುಂಬಿ ಆಡಳಿತ ಕಚೇರಿಗೆ ಕಳುಹಿಸಬೇಕೆಂಬ ಸೂಚನೆ ಅದರ ಜೊತೆಗಿತ್ತು. ಹೆಸರು, ನೋಂದಣಿ ಸಂಖ್ಯೆ, ವಿಭಾಗ, ಸಮಸ್ಯೆಯ ಸ್ವರೂಪ, ನೀಡಿದ ಸಲಹೆ, ಪರಿಣಾಮ ಎಂದು ಒಟ್ಟು ಆರು ಕಾಲಂಗಳು. ಈ ಕೇಂದ್ರದಲ್ಲಿ ತರಬೇತಿ ಪಡೆಯುತ್ತಿರುವ ನನ್ನ ಪಾಲಿಗೆ ಅದನ್ನು ತುಂಬುವ ಕೆಲಸ ಬಂತು. ನನ್ನ ಕೆಲಸವನ್ನು ನೋಡಿಕೊಳ್ಳುವ ಹಿರಿಯ ಆಪ್ತಸಮಾಲೋಚಕರೊಡನೆ ಎರಡು ಬಾರಿ ಕುಳಿತು ಚರ್ಚಿಸಿದ ಮೇಲೆ, ಅದನ್ನು ಕೇಳಿದ ರೀತಿಯಲ್ಲಿ ತುಂಬಲು ನನ್ನಿಂದ ಆಗದೆಂಬ ತೀರ್ಮಾನಕ್ಕೆ ಬಂದಿದ್ದೇನೆ. ಈ ನಿರಾಕರಣೆ ಉದ್ಧಟತನವೆಂದು ತಮಗೆ ಅನಿಸಬಾರದೆಂದು ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದು ಯಾಕೆಂದರೆ, ಈ ವಿಷಯದಲ್ಲಿ ತಮ್ಮಷ್ಟೇ ಸಂಬಂಧವುಳ್ಳವರು ವಿದ್ಯಾರ್ಥಿಗಳು. ಅವರ ಬೆನ್ನ ಹಿಂದೆ ಅವರ ವಿಚಾರವಾಗಿ ಪತ್ರ ವ್ಯವಹಾರ ನಡೆಯುವುದು ನನಗೆ ಸರಿಕಾಣಲಿಲ್ಲ.

ನಮೂನೆಯ ಹಿಂದಿನ ಉದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಕೇಂದ್ರಕ್ಕಾಗಿ ಹಣ ಖರ್ಚಾಗುತ್ತಿದೆ, ಅದು ಉಪಯೋಗವಾಗುತ್ತಿದೆಯೇ ಎಂದು ತಿಳಿಯುವುದು ಆಡಳಿತದ ಕರ್ತವ್ಯ. ಮಕ್ಕಳ ಬಗ್ಗೆ ತಮಗೂ ಕಳಕಳಿಯಿದೆ. 2018ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದ ಅಂತರರಾಷ್ಟ್ರೀಯ ಅಧ್ಯಯನವೊಂದು 8 ದೇಶಗಳ 19 ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಸಮೀಕ್ಷೆ ಮಾಡಿ, ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕ ಅಥವಾ ಮಾದಕ ವ್ಯಸನದಂತಹ ಯಾವುದಾದರೊಂದು ಮಾನಸಿಕ ಸಮಸ್ಯೆಯ ಲಕ್ಷಣಗಳಿರುವುದನ್ನು ಕಂಡಿತು. ಅಂಥ ಸಂಖ್ಯೆಯನ್ನು ಓದಿದ ಯಾರಿಗಾದರೂ ಆ ಮೂರನೆಯವರು ಯಾರೆಂದು ತಿಳಿದುಕೊಳ್ಳಬೇಕೆನಿಸುವುದು ಸಹಜ. ಆದರೆ ಹೆಸರುಗಳ ಪಟ್ಟಿ ಮಾಡಲು ಹೊರಟ ದಿನವೇ ಆ ಮೂರನೆಯವರು ನಮ್ಮ ಬಾಗಿಲಿಗೆ ಬರುವುದನ್ನು ನಿಲ್ಲಿಸುತ್ತಾರೆ.

ಕೋಣೆಯೊಳಗೆ ಏನು ನಡೆಯುತ್ತದೆಂದು ಹೇಳದೆ ಇದನ್ನು ತಿಳಿಸುವುದು ಕಷ್ಟ. ಮೊದಲೇ ಒಂದು ಮಾತು: ಈ ಪತ್ರದಲ್ಲಿ ಬರುವ ಯಾವ ವಿವರವೂ ಯಾರೊಬ್ಬ ವಿದ್ಯಾರ್ಥಿಯದೂ ಅಲ್ಲ, ಹಲವರ ಅನುಭವಗಳನ್ನು ಬೆರೆಸಿ, ಗುರುತು ಸಿಗದಂತೆ ಬದಲಿಸಿ ಬರೆದಿದ್ದೇನೆ. ನಮ್ಮ ಕೋಣೆಯಲ್ಲಿ ಮೇಜಿನ ಆಚೆ ಒಬ್ಬರು ಈಚೆ ಒಬ್ಬರು ಕುಳಿತುಕೊಳ್ಳುವುದಿಲ್ಲ. ಎರಡು ಕುರ್ಚಿಗಳು ಸ್ವಲ್ಪ ಓರೆಯಾಗಿ ಇರುತ್ತವೆ, ಬಂದವರು ಬಯಸಿದರೆ ನನ್ನ ಮುಖ ನೋಡಬಹುದು, ಬೇಡವೆನಿಸಿದರೆ ಕಿಟಕಿಯ ಕಡೆ ನೋಡುತ್ತಾ ಮಾತಾಡಬಹುದು. ಮೊದಲ ಭೇಟಿಯ ಮೊದಲ ಕೆಲವು ನಿಮಿಷ ಮಾತಾಡುವುದು ನಾನು. ನಾನಿನ್ನೂ ತರಬೇತಿಯಲ್ಲಿರುವವಳು, ನನ್ನ ಕೆಲಸವನ್ನು ಅನುಭವಿಗಳೊಬ್ಬರು ಪರಿಶೀಲಿಸುತ್ತಾರೆ, ಅವರೊಡನೆ ಮಾತ್ರ ಈ ಮಾತುಕತೆಯನ್ನು ಚರ್ಚಿಸುತ್ತೇನೆ ಎಂದು ಹೇಳುತ್ತೇನೆ. ತರಬೇತಿಯವರು ಬೇಡ ಎನ್ನುವ ಹಕ್ಕು ಅವರಿಗಿದೆ ಎಂಬುದನ್ನೂ ತಿಳಿಸುತ್ತೇನೆ. ಇಲ್ಲಿ ಹೇಳಿದ್ದು ಹೊರಗೆ ಹೋಗುವುದು ಯಾವಾಗ ಎಂಬುದನ್ನೂ ಆಗಲೇ ಸ್ಪಷ್ಟಪಡಿಸುತ್ತೇನೆ: ಅವರ ಪ್ರಾಣಕ್ಕೆ ಅಪಾಯವಿದೆಯೆಂದು ಕಂಡಾಗ, ಅವರಿಂದ ಇನ್ನೊಬ್ಬರಿಗೆ ಗಂಭೀರ ಅಪಾಯವಿದೆಯೆಂದು ಕಂಡಾಗ, ಇಲ್ಲವೇ ಕಾನೂನು ಅಥವಾ ನ್ಯಾಯಾಲಯ ಕಡ್ಡಾಯ ಮಾಡಿದಾಗ.

ಇಷ್ಟು ಹೇಳಿ ಮುಗಿಸಿದ ಮೇಲೆ ನನಗೆ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಮೇಡಂ, ಇದು ನಮ್ಮ ಡಿಪಾರ್ಟ್‌ಮೆಂಟಿಗೆ ಗೊತ್ತಾಗುತ್ತಾ?” ತೊಡೆಯ ಮೇಲಿಟ್ಟುಕೊಂಡ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಆ ಪ್ರಶ್ನೆ ಕೇಳುತ್ತಾರೆ. ಗೊತ್ತಾಗುವುದಿಲ್ಲ ಎಂದು ನಾನು ಹೇಳಿದ ಮೇಲೂ ಬ್ಯಾಗು ತಕ್ಷಣ ಕೆಳಗಿಳಿಯುವುದಿಲ್ಲ. ಕೆಲವರಿಗೆ ಅದು ಕೆಳಗಿಳಿಯಲು ಎರಡನೆಯ ಭೇಟಿ ಬೇಕು. ಬ್ಯಾಗು ನೆಲದ ಮೇಲೆ ಕುಳಿತ ಗಳಿಗೆಯೇ ನಿಜವಾದ ಮಾತು ಶುರುವಾಗುವ ಗಳಿಗೆ ಎಂಬುದನ್ನು ನಾನು ಈ ಕೆಲವು ತಿಂಗಳುಗಳಲ್ಲಿ ಕಂಡುಕೊಂಡಿದ್ದೇನೆ. ತಮ್ಮ ನಮೂನೆಯ ಮೊದಲ ಕಾಲಂ ತುಂಬಿದರೆ ಆ ಪ್ರಶ್ನೆಗೆ ನಾನು ಕೊಡುತ್ತಿರುವ ಉತ್ತರ ಸುಳ್ಳಾಗುತ್ತದೆ. ಒಬ್ಬರ ಹೆಸರು ಹೊರಗೆ ಹೋದ ಸುದ್ದಿ ಹಾಸ್ಟೆಲ್ಲಿಗೆ ಮುಟ್ಟಲು ಒಂದು ಸಂಜೆ ಸಾಕು.

ಇನ್ನು ಐದನೆಯ ಕಾಲಂ, ‘ನೀಡಿದ ಸಲಹೆ’. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನ ತರಬೇತಿಯ ಬಹುಭಾಗ ಈ ಒಂದು ಪದದ ಜೊತೆ ಗುದ್ದಾಡುವುದರಲ್ಲೇ ಕಳೆದಿದೆ. ಅಧ್ಯಾಪಕರು ಕೆಲವೊಮ್ಮೆ ವಿದ್ಯಾರ್ಥಿಯ ಕೈಯಲ್ಲಿ ಒಂದು ಚೀಟಿ ಕೊಟ್ಟು ನಮ್ಮಲ್ಲಿಗೆ ಕಳುಹಿಸುತ್ತಾರೆ. ‘ತರಗತಿಗೆ ಬರುತ್ತಿಲ್ಲ, ಬುದ್ಧಿ ಹೇಳಿ ಕಳುಹಿಸಿ’ ಎಂಬುದು ಅದರ ಒಕ್ಕಣೆ. ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಆ ಚೀಟಿ ಹಿಡಿದು ಬಂದವರಿಗೆ ಬುದ್ಧಿ ಹೇಳುವವರ ಕೊರತೆ ಇರುವುದಿಲ್ಲ. ಮನೆಯವರು, ಗೆಳೆಯರು, ವಾರ್ಡನ್, ಅಧ್ಯಾಪಕರು ಎಲ್ಲರೂ ಹೇಳಿ ಆಗಿರುತ್ತದೆ. ಅದೆಲ್ಲ ಗೊತ್ತಿದ್ದೂ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದಿರುವುದು ಏಕೆ ಎಂಬುದೇ ಅವರನ್ನು ಕಾಡುವ ಪ್ರಶ್ನೆ.

ನಾನೂ ಮೊದಲು ಬುದ್ಧಿ ಹೇಳುವುದನ್ನೇ ಮಾಡಿದೆ. ಓದಲು ಕುಳಿತರೆ ಅಕ್ಷರಗಳು ಕಣ್ಣ ಮುಂದೆ ನಿಲ್ಲುವುದಿಲ್ಲ ಎಂದ ಒಬ್ಬರಿಗೆ ಹಾಳೆಯ ಮೇಲೆ ಗೆರೆ ಎಳೆದು, ಗಂಟೆಗಳನ್ನು ಹಂಚಿ, ಚೆಂದದ ವೇಳಾಪಟ್ಟಿ ಮಾಡಿಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು, ಥ್ಯಾಂಕ್ಸ್ ಹೇಳಿ ಹೋದವರು ಮತ್ತೆ ಬರಲಿಲ್ಲ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡಿದ್ದ ಆ ಮಾತುಕತೆಯನ್ನು ನನ್ನ ಮೇಲ್ವಿಚಾರಕರು ನನ್ನ ಜೊತೆ ಕುಳಿತು ಕೇಳಿದರು. ಹನ್ನೊಂದನೆಯ ನಿಮಿಷದಲ್ಲಿ ಅವರು ಅದನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತಂದು, ಮತ್ತೆ ಹಾಕಿದರು. ವಿದ್ಯಾರ್ಥಿ “ಮನೆಯಲ್ಲಿ ಈ ವರ್ಷ...” ಎಂದು ಶುರುಮಾಡಿ ಮೌನವಾಗಿದ್ದರು. ಆ ಮೌನ ನಾಲ್ಕು ಸೆಕೆಂಡಿನದು. ಐದನೆಯ ಸೆಕೆಂಡಿನಲ್ಲಿ ನನ್ನ ದನಿ ನುಗ್ಗಿ, ದಿನಕ್ಕೆ ಎಷ್ಟು ಗಂಟೆ ಓದುತ್ತೀರಿ ಎಂದು ಕೇಳಿತ್ತು. ಮೇಲ್ವಿಚಾರಕರು ನನ್ನನ್ನು ಬೈಯಲಿಲ್ಲ. “ಆ ಮೌನ ಯಾರಿಗೆ ಕಷ್ಟವಾಗಿತ್ತು?” ಎಂದು ಮಾತ್ರ ಕೇಳಿದರು. ಕಷ್ಟವಾಗಿದ್ದದ್ದು ನನಗೆ.

ಆ ಧ್ವನಿಮುದ್ರಣವನ್ನು ಕೇಳಿದ ದಿನದಿಂದ ನನ್ನ ಕೆಲಸದ ರೀತಿ ಬದಲಾಯಿತು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಹೆಸರು ಈ ಕ್ಷೇತ್ರದಲ್ಲಿ ಓದುವ ಎಲ್ಲರಿಗೂ ಗೊತ್ತು. 1945ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಆಪ್ತಸಮಾಲೋಚನಾ ಕೇಂದ್ರವನ್ನು ಕಟ್ಟಲು ಹೋದರು. ಅಂದರೆ ನಮ್ಮಂಥದೇ ಒಂದು ಜಾಗದಲ್ಲಿ ಕುಳಿತು ಯೋಚಿಸಿದವರು ಅವರು. ಮಾತುಕತೆಗಳನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡುವ ಪದ್ಧತಿಗೆ ದಾರಿ ತೋರಿದವರಲ್ಲಿ ಅವರೂ ಒಬ್ಬರು. 1957ರ ಪ್ರಸಿದ್ಧ ಲೇಖನದಲ್ಲಿ ಅವರು ಮನುಷ್ಯನಲ್ಲಿ ಬದಲಾವಣೆ ಆಗಬೇಕಾದರೆ ಎದುರಿಗಿರುವವರಲ್ಲಿ ಏನೇನು ಇರಬೇಕು ಎಂದು ವಿವರಿಸಿದರು: ಒಳಗೊಂದು ಹೊರಗೊಂದು ಇಲ್ಲದ ನೇರತನ, ಷರತ್ತು ಹಾಕದ ಆದರ, ಮತ್ತು ಇನ್ನೊಬ್ಬರ ಲೋಕವನ್ನು ಅವರ ಕಣ್ಣಿನಿಂದ ನೋಡುವ ಸಹಾನುಭೂತಿ. ಸಲಹೆ ಎಂಬುದು ಆ ಪಟ್ಟಿಯಲ್ಲಿಲ್ಲ. ಓದುವಾಗ ಇದು ಬಹಳ ಸರಳವೆನಿಸುತ್ತದೆ. ಹತ್ತೊಂಬತ್ತು ವರ್ಷದ ಒಬ್ಬರು ಕಣ್ಣೀರು ಒರೆಸಿಕೊಳ್ಳುತ್ತಾ ಕುಳಿತಿರುವಾಗ, ‘ಎಲ್ಲ ಸರಿಹೋಗುತ್ತೆ ಬಿಡಿ’ ಎನ್ನದೆ, ಕೈಕಟ್ಟಿ ಸುಮ್ಮನೆಯೂ ಕೂರದೆ, ಅವರ ಮಾತಿನ ಜೊತೆಗೇ ಇರುವುದು ನಾನು ಈವರೆಗೆ ಕಲಿತ ಯಾವ ವಿದ್ಯೆಗಿಂತಲೂ ಕಠಿಣವಾದದ್ದು.

ಹಾಗೆಂದು ನಾವು ಕೇಳಿಸಿಕೊಂಡು ಸುಮ್ಮನಾಗುತ್ತೇವೆಂದು ತಾವು ತಿಳಿಯಬಾರದು. ಎಡ್ವರ್ಡ್ ಬೋರ್ಡಿನ್ ಎಂಬ ವಿದ್ವಾಂಸರು 1979ರಲ್ಲಿ ಹೇಳಿದಂತೆ, ಸಮಾಲೋಚಕರಿಗೂ ಬಂದವರಿಗೂ ನಡುವಿನ ಸಂಬಂಧಕ್ಕೆ ಮೂರು ಅಂಗಗಳಿವೆ: ಎಲ್ಲಿಗೆ ಹೋಗಬೇಕೆಂಬ ಗುರಿಯಲ್ಲಿ ಇಬ್ಬರಿಗೂ ಒಮ್ಮತ, ಅದಕ್ಕಾಗಿ ಏನು ಮಾಡಬೇಕೆಂಬುದರಲ್ಲಿ ಒಮ್ಮತ, ಮತ್ತು ಇಬ್ಬರ ನಡುವಿನ ನಂಟು. ಚೀಟಿ ಹಿಡಿದು ಬಂದ ವಿದ್ಯಾರ್ಥಿಯ ವಿಷಯದಲ್ಲಿ ಗುರಿಯನ್ನು ಬೇರೆಯವರು ಮೊದಲೇ ನಿಗದಿ ಮಾಡಿರುತ್ತಾರೆ, ಅದೇ ತೊಡಕು. ತರಗತಿ ತಪ್ಪಿಸುವ ಮೂವರನ್ನು ಊಹಿಸಿಕೊಳ್ಳಿ. ಒಬ್ಬರು ರಾತ್ರಿಯಿಡೀ ದುಡಿದು ಬೆಳಿಗ್ಗೆ ನಿದ್ದೆ ಹೋಗುತ್ತಿದ್ದಾರೆ. ಇನ್ನೊಬ್ಬರಿಗೆ ತರಗತಿಯಲ್ಲಿರುವ ಒಬ್ಬ ವ್ಯಕ್ತಿಯ ಭಯ. ಮೂರನೆಯವರು ಊರಿಗೇ ಮೊದಲಿಗರಾಗಿ ಪಾಸಾಗಿ ಬಂದವರು, ಇಲ್ಲಿ ಎಲ್ಲರೂ ತಮಗಿಂತ ಬುದ್ಧಿವಂತರು, ತಮಗೆ ಸೀಟು ಸಿಕ್ಕಿದ್ದೇ ಯಾವುದೋ ತಪ್ಪಿನಿಂದ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂದು ನಂಬಿದ್ದಾರೆ. ಚೆನ್ನಾಗಿ ಓದುವವರನ್ನೂ ಕಾಡುವ ಈ ಕೊನೆಯ ಭಾವನೆಯನ್ನು 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಇಮ್ಸ್ ‘ಇಂಪೋಸ್ಟರ್ ಫಿನಾಮಿನನ್’ ಎಂಬ ಹೆಸರಿನಲ್ಲಿ ವಿವರಿಸಿದರು. ನನ್ನ ಕೋಣೆಯಲ್ಲಿ ಅದರ ಹೆಸರು ಹೇಳಿದಾಗ, ಇದಕ್ಕೊಂದು ಹೆಸರಿದೆಯಾ ಎಂದು ಆಶ್ಚರ್ಯದಿಂದ ತಲೆಯೆತ್ತಿದವರಿದ್ದಾರೆ. ಹಾಜರಾತಿ ಪುಸ್ತಕದಲ್ಲಿ ಈ ಮೂವರದೂ ಒಂದೇ ಬಗೆಯ ಖಾಲಿ ಚೌಕ. ‘ನೀಡಿದ ಸಲಹೆ’ ಎಂಬ ಕಾಲಂನಲ್ಲಿ ನಾನು ‘ನಿಯಮಿತವಾಗಿ ತರಗತಿಗೆ ಹೋಗಲು ತಿಳಿಸಲಾಯಿತು’ ಎಂದು ಬರೆದುಬಿಡಬಹುದು. ಓದಿದವರಿಗೆ ಸಮಾಧಾನವಾದೀತು, ಆ ಮೂವರಲ್ಲಿ ಒಬ್ಬರಿಗೂ ಉಪಯೋಗವಾಗದು.

‘ಪರಿಣಾಮ’ ಎಂಬ ಕಾಲಂನ ಬಗ್ಗೆಯೂ ಒಂದು ಮಾತು. ನಾವು ಪ್ರಶ್ನಾವಳಿಗಳನ್ನು ಬಳಸುತ್ತೇವೆ. ಪಿಎಚ್‌ಕ್ಯೂ-9 ಎಂಬುದು 2001ರಿಂದ ಬಳಕೆಯಲ್ಲಿರುವ, ಖಿನ್ನತೆಯ ಲಕ್ಷಣಗಳನ್ನು ಅಳೆಯುವ 9 ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಅದು ಕೇಳುತ್ತದೆ, ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಪರೀಕ್ಷೆ ಬೇಕೆಂದು ಅರ್ಥ, ಕಾಯಿಲೆ ಇದೆಯೆಂದೇ ಅರ್ಥವಲ್ಲ. ಹದಿನಾಲ್ಕು ಬಂದವರು ಮುಂದಿನ ತಿಂಗಳು ಒಂಬತ್ತಕ್ಕೆ ಇಳಿದರೆ ನನಗೂ ಸಂತೋಷವೇ. ಆದರೆ ಆ ಅಂಕ ಮೌಲ್ಯಮಾಪನದ ಅಂಕವಾಗಿ ಕಚೇರಿಗೆ ಹೋಗುತ್ತದೆಂದು ಗೊತ್ತಾದರೆ ವಿದ್ಯಾರ್ಥಿ ಅದನ್ನು ಪರೀಕ್ಷೆಯಂತೆಯೇ ಬರೆಯುತ್ತಾರೆ, ‘ಸರಿ’ಯೆನಿಸಿದ ಉತ್ತರ ಕೊಡುತ್ತಾರೆ. ಅದರ ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಗಳನ್ನು ಕುರಿತದ್ದು. ಆ ಒಂದು ಪ್ರಶ್ನೆಗೆ ಹೆದರಿ ಸೊನ್ನೆ ಹಾಕಿದ ಹಾಳೆಯಷ್ಟು ಅಪಾಯಕಾರಿಯಾದ ಕಾಗದ ನಮ್ಮ ಕೇಂದ್ರದಲ್ಲಿ ಮತ್ತೊಂದಿಲ್ಲ. ಭೇಟಿಗಳ ಸಂಖ್ಯೆಯಿಂದಲೂ ಪರಿಣಾಮ ಅಳೆಯಲಾಗದು. ಇಂಥ ಕೇಂದ್ರಗಳಿಗೆ ಒಮ್ಮೆ ಮಾತ್ರ ಬಂದುಹೋಗುವವರು ಎಲ್ಲೆಡೆಯೂ ಬಹಳ. ಅವರಲ್ಲಿ ಆ ಒಂದು ಗಂಟೆಯೇ ಸಾಕಾದವರೂ ಇದ್ದಾರೆ, ನನ್ನ ವೇಳಾಪಟ್ಟಿಯಿಂದ ನಿರಾಶರಾದವರೂ ಇದ್ದಾರೆ.

ತಮ್ಮ ಮನಸ್ಸಿನಲ್ಲಿ ಈಗ ಏಳುವ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಎಲ್ಲವನ್ನೂ ಗುಟ್ಟಾಗಿಟ್ಟರೆ, ಅನಾಹುತವಾದ ದಿನ ಹೊಣೆ ಯಾರದು? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಈ ವೃತ್ತಿ ದೊಡ್ಡ ಬೆಲೆ ತೆತ್ತೇ ಉತ್ತರ ಕಂಡುಕೊಂಡಿದೆ. 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ವಿದ್ಯಾರ್ಥಿ, ಒಬ್ಬ ಯುವತಿಯನ್ನು ಕೊಲ್ಲುವ ಉದ್ದೇಶವನ್ನು ತನ್ನ ಮನಶ್ಶಾಸ್ತ್ರಜ್ಞರಲ್ಲಿ ಹೇಳಿಕೊಂಡಿದ್ದ. ಕ್ಯಾಂಪಸ್ ಪೊಲೀಸರಿಗೆ ವಿಷಯ ಹೋಯಿತು, ಆದರೆ ಆ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ, ಅವಳ ಕೊಲೆಯಾಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರ ಮೇಲಿದೆ ಎಂದು ತೀರ್ಪು ಕೊಟ್ಟಿತು. ಅದು ಆ ರಾಜ್ಯದ ತೀರ್ಪಾದರೂ ಅದರ ಪಾಠವನ್ನು ನಾವೆಲ್ಲರೂ ತರಗತಿಯಲ್ಲಿ ಓದುತ್ತೇವೆ. ಗೌಪ್ಯತೆ ಎಲ್ಲಿ ಮುಗಿಯುತ್ತದೆಂದು ನಮಗೆ ಗೊತ್ತು. ಅಪಾಯ ಕಂಡಾಗ, ಅಗತ್ಯವಿದ್ದಷ್ಟನ್ನು, ಅಗತ್ಯವಿರುವವರಿಗೆ, ಸಾಧ್ಯವಾದಾಗಲೆಲ್ಲ ವಿದ್ಯಾರ್ಥಿಗೆ ಮೊದಲು ತಿಳಿಸಿ ಹೇಳುತ್ತೇವೆ. ತಿಂಗಳಿಗೊಮ್ಮೆ ಎಲ್ಲರ ಹೆಸರನ್ನೂ ಕಳುಹಿಸುವುದು ಈ ರಕ್ಷಣೆಯ ಕೆಲಸಕ್ಕೆ ಏನೂ ಸೇರಿಸುವುದಿಲ್ಲ; ಅಪಾಯ ತಿಂಗಳ ಕೊನೆಯವರೆಗೆ ಕಾಯುವುದಿಲ್ಲ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯುವವರು ಅಧ್ಯಾಪಕರಲ್ಲೂ ಇದ್ದಾರೆ, ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯದಿಂದ. ನನಗೂ ಆ ಭಯವಿತ್ತು, ಮೊದಲ ಬಾರಿ ಕೇಳುವಾಗ ನಾಲಗೆ ಒಣಗಿತ್ತು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಬಗ್ಗೆ ಮೊದಲೇ ಪ್ರಶ್ನೆ ಕೇಳಲಾಗಿತ್ತು. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಿರಲಿಲ್ಲ. ಆದ್ದರಿಂದ ಈಗ ಸುತ್ತಿಬಳಸದೆ ಕೇಳುತ್ತೇನೆ. ಹೌದೆಂದರೆ ಅದೇ ಹೊತ್ತಿನಲ್ಲಿ ಮೇಲ್ವಿಚಾರಕರನ್ನು ಕರೆಯುತ್ತೇನೆ, ಮತ್ತು ಮೂವರೂ ಕುಳಿತು ವಿದ್ಯಾರ್ಥಿಯ ಮಾತುಗಳಲ್ಲೇ, ವಿದ್ಯಾರ್ಥಿಯ ಕೈಬರಹದಲ್ಲೇ ಒಂದು ಸುರಕ್ಷತಾ ಯೋಜನೆ ಬರೆಯುತ್ತೇವೆ: ಮನಸ್ಸು ಕೆಡುತ್ತಿರುವುದಕ್ಕೆ ಯಾವ ಮುನ್ಸೂಚನೆಗಳಿವೆ, ಆಗ ತಾನೇ ಏನು ಮಾಡಿಕೊಳ್ಳಬಹುದು, ಯಾರ ಜೊತೆ ಅಥವಾ ಯಾವ ಜಾಗದಲ್ಲಿ ಇದ್ದರೆ ಮನಸ್ಸು ಬೇರೆಡೆ ಹರಿಯುತ್ತದೆ, ಯಾರಲ್ಲಿ ಬಾಯಿಬಿಟ್ಟು ನೆರವು ಕೇಳಬಹುದು, ಯಾವ ವೈದ್ಯರಿಗೆ, ಯಾವ ಸಹಾಯವಾಣಿಗೆ ಕರೆ ಮಾಡಬೇಕು, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಹೇಗೆ ಮಾಡಬೇಕು. ಬೇಕಾದಾಗ ಮನೋವೈದ್ಯರ ಬಳಿಗೆ ಕಳುಹಿಸುತ್ತೇವೆ. ಇಷ್ಟೆಲ್ಲಕ್ಕೂ ಮೊದಲು ಅವರು ‘ಹೌದು’ ಎನ್ನಬೇಕಲ್ಲ. ಆ ‘ಹೌದು’ ಹೊರಡುವುದು ಹೆಸರು ಹೊರಗೆ ಹೋಗದ ಕೋಣೆಯಲ್ಲಿ ಮಾತ್ರ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಹೆಸರು, ನೋಂದಣಿ ಸಂಖ್ಯೆ ಮತ್ತು ಸಲಹೆಯ ಕಾಲಂಗಳನ್ನು ನಮೂನೆಯಿಂದ ತೆಗೆದುಹಾಕಿ. ಅದರ ಬದಲಿಗೆ ಎಷ್ಟು ಜನ ಬಂದರು, ಮೊದಲ ಭೇಟಿಗಾಗಿ ಎಷ್ಟು ದಿನ ಕಾಯಬೇಕಾಯಿತು, ವರ್ಷದ ಯಾವ ವಾರಗಳಲ್ಲಿ ಒತ್ತಡ ಹೆಚ್ಚಿತು, ಯಾವ ಬಗೆಯ ತೊಂದರೆಗಳು ಮತ್ತೆ ಮತ್ತೆ ಕಾಣಿಸಿದವು ಎಂಬುದನ್ನು ನಾವು ಸಂತೋಷದಿಂದ ಕೊಡುತ್ತೇವೆ. ಚಿಕ್ಕ ವಿಭಾಗಗಳಲ್ಲಿ ಸಂಖ್ಯೆಯಿಂದಲೇ ವ್ಯಕ್ತಿಯ ಗುರುತು ಸಿಕ್ಕಿಬಿಡುವುದರಿಂದ ಅವನ್ನು ಒಟ್ಟುಗೂಡಿಸಿ ಕೊಡುತ್ತೇವೆ. ಆಡಳಿತ ಕೆಲಸ ಮಾಡಲು ಈ ಮಾಹಿತಿಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ನಂಬಿಕೆ. ಒಂದೇ ವಾರದಲ್ಲಿ ಐದು ಆಂತರಿಕ ಪರೀಕ್ಷೆಗಳು ಬಿದ್ದದ್ದಕ್ಕೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಉಸಿರಾಟದ ಅಭ್ಯಾಸ ಕಲಿಸುವುದಕ್ಕಿಂತ, ಪರೀಕ್ಷೆಯ ದಿನಾಂಕಗಳನ್ನು ಬದಲಿಸುವುದು ಸರಿಯಾದ ಚಿಕಿತ್ಸೆ. ಅದು ತಮ್ಮ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ.

ತರಬೇತಿಯವರನ್ನು ಸಿಬ್ಬಂದಿಯ ಕೊರತೆ ತುಂಬಲು ಬಳಸಬೇಡಿ ಎಂಬುದು ಎರಡನೆಯ ವಿನಂತಿ. ಇದನ್ನು ತರಬೇತಿಯಲ್ಲಿರುವವಳೇ ಹೇಳುತ್ತಿದ್ದೇನೆ. ಆಪ್ತಸಮಾಲೋಚನಾ ಸೇವೆಗಳ ಅಂತರರಾಷ್ಟ್ರೀಯ ಮಾನ್ಯತಾ ಸಂಸ್ಥೆಯೊಂದು 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ವೃತ್ತಿಪರರಿರಬೇಕೆಂದು ಹೇಳುತ್ತಿತ್ತು. ನನ್ನಂಥವರನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ನನಗೆ ಕಲಿಸುವ ಹಿರಿಯರಿಗೆ ವಾರಕ್ಕೆ ಒಂದು ಗಂಟೆಯಾದರೂ ನನ್ನ ಧ್ವನಿಮುದ್ರಣ ಕೇಳಲು ಬಿಡುವಿರಬೇಕು. ಆ ಗಂಟೆ ಇಲ್ಲದಿದ್ದರೆ ನಾನು ಇಂದಿಗೂ ವೇಳಾಪಟ್ಟಿ ಬರೆಯುತ್ತಾ ಕುಳಿತಿರುತ್ತಿದ್ದೆ. ಹಾಗೆಯೇ, ನಮ್ಮ ಕೋಣೆಯ ಬಾಗಿಲು ಶಿಸ್ತು ಸಮಿತಿಯ ಕಚೇರಿಯ ಎದುರಿಗೇ ಇದೆ. ಅಲ್ಲಿ ಸರದಿಯಲ್ಲಿ ನಿಂತವರ ಕಣ್ಣು ತಪ್ಪಿಸಿ ಒಳಗೆ ಬರುವುದು ಸಾಧ್ಯವಿಲ್ಲ. ಬೇರೆ ಕಟ್ಟಡದಲ್ಲಿ ಇದಕ್ಕಿಂತ ಚಿಕ್ಕ ಕೋಣೆ ಸಿಕ್ಕರೂ ಸಾಕು.

ಅಧ್ಯಾಪಕರಲ್ಲಿ ಒಂದು ಮಾತು. ತಾವು ವಿದ್ಯಾರ್ಥಿಗಳನ್ನು ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಮೊದಲು ಗಮನಿಸುವವರು ತಾವೇ. ಚೀಟಿಯ ಬದಲು, ತರಗತಿ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, “ಎರಡು ವಾರದಿಂದ ನೀನು ಮಂಕಾಗಿರುವುದನ್ನು ನೋಡುತ್ತಿದ್ದೇನೆ, ಮಾತಾಡಲು ಒಂದು ಜಾಗವಿದೆ, ಬೇಕಿದ್ದರೆ ಬಾಗಿಲವರೆಗೆ ನಾನೇ ಬರುತ್ತೇನೆ” ಎಂದರೆ ಸಾಕು. ಹಾಗೆ ಬಂದವರ ಬ್ಯಾಗು ಬೇಗ ಕೆಳಗಿಳಿಯುತ್ತದೆ. ಆಮೇಲೆ ಅವರು ಏನು ಹೇಳಿದರೆಂದು ನನ್ನನ್ನು ಕಾರಿಡಾರಿನಲ್ಲಿ ಕೇಳಿದರೆ, ಬಂದರೋ ಇಲ್ಲವೋ ಎಂಬುದನ್ನೂ ನಾನು ಹೇಳಲಾರೆ. ಅದನ್ನು ಅಗೌರವವೆಂದು ಭಾವಿಸಬೇಡಿ. ವಿದ್ಯಾರ್ಥಿಯೇ ತಮಗೆ ಹೇಳಬಹುದು, ಅಥವಾ ಹೇಳಲು ನನಗೆ ಬರಹದಲ್ಲಿ ಒಪ್ಪಿಗೆ ಕೊಡಬಹುದು.

ಈ ಪತ್ರದ ಜೊತೆಗೆ ಕಳೆದ ತಿಂಗಳ ವರದಿಯನ್ನು ಲಗತ್ತಿಸಿದ್ದೇನೆ. ವಾರವಾರದ ಭೇಟಿಗಳ ಸಂಖ್ಯೆ, ಕಾಯುವ ದಿನಗಳು, ಪದೇಪದೇ ಕಂಡ ತೊಂದರೆಗಳು ಅದರಲ್ಲಿವೆ. ಮೊದಲ ಕಾಲಂ ಖಾಲಿ ಬಿಟ್ಟು, ಅದರ ಕೆಳಗೆ ನನ್ನ ಮತ್ತು ನನ್ನ ಮೇಲ್ವಿಚಾರಕರ ಸಹಿ ಹಾಕಿದ್ದೇವೆ. ಪರಿಷ್ಕೃತ ನಮೂನೆಯನ್ನು ರೂಪಿಸಲು ತಾವು ಕರೆದ ದಿನ ಇಬ್ಬರೂ ಬಂದು ಕುಳಿತುಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ತರಬೇತಿಯಲ್ಲಿರುವ ಒಬ್ಬ ಆಪ್ತಸಮಾಲೋಚಕಿ